ಕಾಕಾನನ್ನು ಸೋಲಿಸಿದ್ದು ಯಾವುದು

ಕಳೆದ ತಿಂಗಳು ಮದುವೆಯೊಂದಕ್ಕೆ ಬೆಟಗೇರಿಗೆ ಹೋಗಿದ್ದೆ. ಆಟೋ ಇಳಿದು ನೇಕಾರರ ಓಣಿಗೆ ಕಾಲಿಟ್ಟೆನೋ ಇಲ್ಲವೋ, ಗಂಜಿಯ ವಾಸನೆ ಮೂಗಿಗೆ ಬಡಿಯಿತು. ನೂಲಿಗೆ ಹಾಕಿದ ಗಂಜಿ ಬಿಸಿಲು ಕಾಣದೆ ಹಸಿಯಾಗಿಯೇ ಉಳಿದರೆ ಒಂದು ಹುಳಿ ವಾಸನೆ ಬರುತ್ತದೆ. ಅಂಬಲಿ ಹಳಸಿದ ಹಾಗೆ, ಆದರೆ ಅಷ್ಟು ಕೆಟ್ಟದ್ದೂ ಅಲ್ಲ. ಮಳೆಗಾಲದಲ್ಲಿ ಆ ಓಣಿಯ ತುಂಬ ಅದೇ ಇರುತ್ತದೆ. ನಾನು ಕಾಕಾನ ಮನೆಯಲ್ಲಿದ್ದ ಮಳೆಗಾಲವೂ ಅದೇ ವಾಸನೆಯದು.

ಆ ವರ್ಷ ನನ್ನನ್ನು ಲಕ್ಷ್ಮೇಶ್ವರದ ಒಂದು ಪ್ರೌಢಶಾಲೆಗೆ ವಿಜ್ಞಾನ ಹೇಳಲು ಹಾಕಿದ್ದರು. ಒಂದು ವರ್ಷದ ಮಟ್ಟಿಗಷ್ಟೆ. ಅಷ್ಟಕ್ಕಾಗಿ ಅಲ್ಲಿ ಬೇರೆ ಮನೆ ಯಾಕೆ ಎಂದು ಅಪ್ಪನ ತಮ್ಮ ಶಂಕ್ರಪ್ಪ ಕಾಕಾ ತಾವೇ ಫೋನು ಮಾಡಿ ಕರೆದರು. ದಿನಾ ಬೆಳಿಗ್ಗೆ ಗದಗದ ಸ್ಟ್ಯಾಂಡಿನಿಂದ ಮುಳಗುಂದದ ಮೇಲೆ ಹಾಯ್ದು ಹೋಗುವ ಬಸ್ಸು ಹಿಡಿಯುತ್ತಿದ್ದೆ. ಎರಡೂ ಕಡೆ ಎರಿ ಹೊಲ, ಹೆಸರು ಬೆಳೆ ಮೊಣಕಾಲುದ್ದ ನಿಂತಿರುತ್ತಿತ್ತು. ಸಂಜೆ ತಿರುಗಿ ಬರುವಾಗ ಚಪ್ಪಲಿಗೆ ಮೆತ್ತಿದ ಕರಿ ಮಣ್ಣನ್ನು ಕಾಕಾನ ಮನೆಯ ಕಟ್ಟೆಗೆ ಕೆರೆದು ಒಳಗೆ ಹೋಗುತ್ತಿದ್ದೆ. ಚಿಗವ್ವ ಚಹಾ ಇಡುತ್ತಿದ್ದಳು. ಕಾಕಾ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಬುದ್ಧಿಬಳ, ಅಂದರೆ ಚದುರಂಗ, ಆಡುತ್ತಿರುತ್ತಿದ್ದರು.

ಕಾಕಾ ನೇಕಾರರ ಸಂಘವೊಂದರಲ್ಲಿ ಸೀರೆಯ ಅಂಚಿನ ಚಿತ್ರ ತೆಗೆಯುವ ಕೆಲಸ ಮಾಡಿ ನಿವೃತ್ತರಾದವರು. ಚೌಕಳಿ ಹಾಳೆಯ ಮೇಲೆ ಒಂದೊಂದೇ ಮನೆ ತುಂಬಿ ಹೂವು, ಬಳ್ಳಿ, ನವಿಲು ಮೂಡಿಸುವ ಕೆಲಸ. ಅಪ್ಪ ಬದುಕಿದ್ದಾಗ ಅಣ್ಣ ತಮ್ಮ ಇಬ್ಬರೂ ಸಂಜೆಯಾದರೆ ಬುದ್ಧಿಬಳದ ಹಾಸು ಹಾಕಿ ಕೂಡುತ್ತಿದ್ದರು. ಅಪ್ಪನಿಗೆ ಮರೆವಿನ ರೋಗ ಶುರುವಾದದ್ದು ಮೊದಲು ಗೊತ್ತಾಗಿದ್ದು ವೈದ್ಯರಿಗಲ್ಲ, ನಮ್ಮವ್ವನಿಗೂ ಅಲ್ಲ, ಕಾಕಾನಿಗೆ. ಒಂದು ಸಂಜೆ ಅಪ್ಪ ಒಂಟೆಯನ್ನು ನೆಟ್ಟಗೆ ನಡೆಸಿದರಂತೆ. "ಅಣ್ಣಾ, ಒಂಟಿ ಮೂಲಿಗುಂಟ ಹೋಗ್ತೈತಿ" ಎಂದಾಗ ಅಪ್ಪ ನಕ್ಕು ತೆಗೆದು ಸರಿಯಾಗಿ ಇಟ್ಟರಂತೆ. ವಾರ ಕಳೆದ ಮೇಲೆ ಮತ್ತೆ ಹಾಗೆಯೇ ಆಯಿತು. ಆಮೇಲೆ ಹೆಸರುಗಳು ಹೋದವು, ದಾರಿ ಹೋಯಿತು, ಕೊನೆಗೆ ನಾನು ಯಾರೆಂಬುದೂ ಹೋಯಿತು.

ಅಪ್ಪ ತೀರಿಕೊಂಡ ವರ್ಷ ಕಾಕಾನ ಮಗ ಮಂಜುನಾಥ ಕಂಪ್ಯೂಟರಿಗೆ ಬುದ್ಧಿಬಳದ ಆಟ ಹಾಕಿಸಿ ಕೊಟ್ಟಿದ್ದ. ಕಾಕಾ ಅದರ ಐದನೆಯ ಮಟ್ಟವನ್ನು ಇಟ್ಟುಕೊಂಡು ದಿನಕ್ಕೊಂದು ಆಟ ಆಡುವರು. ಕೆಲವು ಸಲ ಗೆಲ್ಲುವರು, ಕೆಲವು ಸಲ ಸೋಲುವರು, ಬಹಳ ಸಲ ಸಮ ಮಾಡಿಕೊಂಡು ಏಳುವರು. ಅದು ಹೊತ್ತು ಕಳೆಯಲು ಆಡುವ ಆಟವಲ್ಲ ಎಂದು ನನಗೆ ತಿಳಿಯಲು ಕೆಲವು ವಾರ ಹಿಡಿಯಿತು. ಬೇರೆಯವರು ಬೆಳಿಗ್ಗೆ ಎದ್ದು ರಕ್ತದ ಸಕ್ಕರೆ ನೋಡಿಕೊಳ್ಳುವಂತೆ ಕಾಕಾ ತಮ್ಮ ತಲೆಯನ್ನು ಆ ಹಲಗೆಯ ಮೇಲೆ ನೋಡಿಕೊಳ್ಳುತ್ತಿದ್ದರು.

ಮೃಗಶಿರದ ಮೊದಲ ದೊಡ್ಡ ಮಳೆ ಗುಡುಗು ಮಿಂಚಿನೊಡನೆ ಬಂತು. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಮರುದಿನ ಕಂಪ್ಯೂಟರು ಶುರುವಾಗಲಿಲ್ಲ. ಮಂಜುನಾಥ ಅದನ್ನು ಗದಗದಲ್ಲಿ ತನ್ನ ಬಟ್ಟೆ ಅಂಗಡಿಯ ಹತ್ತಿರವೇ ಇದ್ದ ಮಹಬೂಬನ ರಿಪೇರಿ ಅಂಗಡಿಗೆ ಒಯ್ದ. ಡಿಸ್ಕು ಹೋಗಿತ್ತು. ಮಹಬೂಬ ಹೊಸ ಡಿಸ್ಕು ಹಾಕಿ, ಮೊದಲು ಏನೇನಿತ್ತೋ ಎಲ್ಲವನ್ನೂ ಮತ್ತೆ ಹಾಕಿ ಕೊಟ್ಟ. ಬುದ್ಧಿಬಳವೂ ಬಂತು. ಅದೇ ಮರದ ಬಣ್ಣದ ಹಲಗೆ, ಅದೇ ಕಾಯಿಗಳು, ಅದೇ ಹೆಸರು, ಅದೇ ಟಕ್ ಎನ್ನುವ ಸದ್ದು.

ಆ ಸಂಜೆ ಕಾಕಾ ಸೋತರು. ಮರುದಿನವೂ ಸೋತರು. ಆಷಾಢ ಬಂದು ಜಿಟಿಜಿಟಿ ಮಳೆ ಹಿಡಿಯುವ ಹೊತ್ತಿಗೆ ಅವರು ಒಂದೇ ಒಂದು ಆಟವನ್ನೂ ಸಮ ಮಾಡಿಕೊಂಡಿರಲಿಲ್ಲ. ಸೋಲುವುದೂ ಒದ್ದಾಡಿ ಸೋಲುವುದಲ್ಲ. ಚಹಾ ಆರುವುದರೊಳಗೆ ಮುಗಿದುಹೋಗುತ್ತಿತ್ತು. ಮೊದಮೊದಲು ಏನೋ ಗೊಣಗುತ್ತಿದ್ದರು. ಬರುಬರುತ್ತ ಗೊಣಗುವುದನ್ನೂ ಬಿಟ್ಟರು.

ಒಂದು ಭಾನುವಾರ ಸಂಘದಿಂದ ಇಬ್ಬರು ಹೆಣ್ಣುಮಕ್ಕಳು ಬಂದರು. ಹಳೆಯ ಕಾಲದ ಒಂದು ಅಂಚನ್ನು ಮತ್ತೆ ನೇಯಬೇಕೆಂದು ಅವರ ಆಸೆ. ಅದರ ಚಿತ್ರ ಕಾಕಾ ಒಬ್ಬರಿಗೇ ಗೊತ್ತಿತ್ತು. ತೆಗೆದುಕೊಡುವುದಾಗಿ ಬೇಸಿಗೆಯಲ್ಲೇ ಒಪ್ಪಿಕೊಂಡಿದ್ದರಂತೆ. ಈಗ ಬಾಗಿಲಲ್ಲೇ ನಿಂತು ಕೈ ಮುಗಿದುಬಿಟ್ಟರು.

"ನನ್ನ ಕೈಲೆ ಆಗಂಗಿಲ್ಲವ್ವಾ. ಬ್ಯಾರೆ ಯಾರನ್ನರ ನೋಡ್ರಿ."

"ಯಾಕ್ರಿ ಅಣ್ಣಾರ? ನೀವ ಹೂಂ ಅಂದಿದ್ರಿ."

"ಅಂದಿದ್ನಿ. ಆಗ ತಲಿ ಇತ್ತು."

ಅವರು ಹೋದ ಮೇಲೆ ಚಿಗವ್ವ ಅಡುಗೆಮನೆಯಲ್ಲಿ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು. "ಮೊನ್ನೆ ಹಾಲು ಒಲಿ ಮ್ಯಾಲಿಟ್ಟು ಮರತ್ರು. ನನ್ನ ತವರಮನಿ ಊರ ಹೆಸರು ಬಾಯಿಗೆ ಬರಲಿಲ್ಲ ಅವರಿಗೆ. ಶೈಲಾ, ನಿಮ್ಮಪ್ಪಗ ಹಿಂಗ ಅಲ್ಲೇನು ಸುರು ಆಗಿದ್ದು?"

ಚಿಗವ್ವನ ತವರು ಬಾಳೆಹೊಸೂರು. ಮದುವೆಯಾದಾಗಿನಿಂದ ಕಾಕಾ ಹೋಗಿ ಬಂದು ಮಾಡಿದ ಊರು. ಅಪ್ಪನಿಗೆ ಬಂದದ್ದು ಕಾಕಾನಿಗೂ ಬಂದರೆ ಅದು ಮನೆತನದಲ್ಲೇ ಇದೆ ಎಂದಾಯಿತು. ಹಾಗಿದ್ದರೆ ನಾಳೆ ನನಗೂ ಬರಬಹುದು ಎಂಬ ಯೋಚನೆಯೂ ಬಂದುಹೋಯಿತು. ಮುಚ್ಚಿಡುವುದೇಕೆ.

ವೈದ್ಯರ ಹತ್ತಿರ ಹೋಗೋಣ ಎಂದೆ. ಕಾಕಾ ಒಪ್ಪಲಿಲ್ಲ. "ಅಣ್ಣನ್ನ ಎಲ್ಲಾ ಕಡೆ ಕರಕೊಂಡು ಹೋದವನು ನಾನ. ಡಾಕ್ಟರ್ ಏನ್ ಹೇಳ್ತಾರ ಅಂತ ನಂಗ ಗೊತ್ತೈತಿ" ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಮರುದಿನ ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸುತ್ತಿದ್ದೆ. ಕಿಟಕಿಯ ಗಾಜಿನ ಮೇಲೆ ನೀರು ಇಳಿಯುತ್ತಿತ್ತು. ಹಾಲು ಮರೆಯುವುದು, ಊರ ಹೆಸರು ತಡವರಿಸುವುದು ನಿಧಾನಕ್ಕೆ ಬರುವಂಥವು. ಆದರೆ ಆಟದ ಸೋಲು ನಿಧಾನಕ್ಕೆ ಬಂದಿರಲಿಲ್ಲ. ಮಳೆಗಿಂತ ಮೊದಲು ಒಂದು ತರಹ, ಮಳೆಯ ನಂತರ ಒಂದು ತರಹ. ನಡುವೆ ಇಳಿಜಾರೇ ಇಲ್ಲ, ಒಮ್ಮೆಲೇ ಪ್ರಪಾತ. ಅಪ್ಪನ ರೋಗ ಹಾಗೆ ಬಂದಿರಲಿಲ್ಲ. ಕಾಕಾನ ತಲೆ ಬದಲಾಯಿತೋ, ಎದುರಿಗೆ ಕೂತು ಆಡುವುದೇ ಬದಲಾಯಿತೋ?

ಆ ಪ್ರಶ್ನೆ ಹುಟ್ಟಿದ ಮೇಲೆ ನನಗೆ ಕೂತಲ್ಲಿ ಕೂಡಲಾಗಲಿಲ್ಲ.

ಸಂಜೆ ಬಂದವಳೇ ಕಂಪ್ಯೂಟರಿನ ಮುಂದೆ ಕೂತೆ. ಮೊದಲು ಮಟ್ಟ ನೋಡಿದೆ. ಮಹಬೂಬ ಗೊತ್ತಿಲ್ಲದೆ ಹೆಚ್ಚಿಗೆ ಇಟ್ಟಿರಬಹುದು ಎಂದುಕೊಂಡಿದ್ದೆ. ಇಲ್ಲ, ಕಾಕಾ ತಾವೇ ಐದಕ್ಕೆ ಇಟ್ಟುಕೊಂಡಿದ್ದರು. ಆಟದ ಮೇಲ್ಗಡೆ 'ಈ ಪ್ರೋಗ್ರಾಮಿನ ಬಗ್ಗೆ' ಎಂಬಲ್ಲಿ ಒತ್ತಿದೆ. ಒಂದು ಸಂಖ್ಯೆ ಬಂತು. ಸಿಕ್ಕಿತು ಎಂದು ಹಿಗ್ಗಿ ಶಾಲೆಗೆ ಹೋದಾಗ ಬಿಡುವಿನಲ್ಲಿ ಆ ಸಂಖ್ಯೆಯ ಬಗ್ಗೆ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಬೇರೆಯೇ ಸಂಗತಿ ತಿಳಿಯಿತು. ನಮ್ಮ ಕಣ್ಣಿಗೆ ಕಾಣುವ ಹಲಗೆ, ಕಾಯಿ, ಗುಂಡಿಗಳು ಒಂದು ಪ್ರೋಗ್ರಾಮು. ಅದರ ಹಿಂದೆ ಕೂತು ನಿಜವಾಗಿ ಯೋಚಿಸುವ ಎಂಜಿನ್ನೇ ಬೇರೆ. ನಾನು ನೋಡಿದ್ದು ಹಲಗೆಯ ಸಂಖ್ಯೆ. ಹಲಗೆ ಹಾಗೇ ಇದ್ದು ಎಂಜಿನ್ ಬದಲಾದರೆ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ.

ಎಂಜಿನ್ನಿನ ಫೈಲು ಎಲ್ಲಿದೆಯೆಂದು ಹುಡುಕಿ ತೆಗೆದೆ. ಅದರ ಹೆಸರಿನಲ್ಲಿ ಸಂಖ್ಯೆಯೇ ಇರಲಿಲ್ಲ. ತಾರೀಖು ಇತ್ತು, ಆದರೆ ಅದು ಮಹಬೂಬ ಅದನ್ನು ತಂದು ಹಾಕಿದ ತಾರೀಖು, ಅದು ಹುಟ್ಟಿದ್ದಲ್ಲ. ಮತ್ತೆ ಶಾಲೆ, ಮತ್ತೆ ಹುಡುಕಾಟ. ಲಕ್ಷ್ಮೇಶ್ವರದ ಆ ಸ್ಟಾಫ್ ರೂಮಿನಲ್ಲಿ ಹಂಚಿನಿಂದ ನೀರು ತೊಟ್ಟಿಕ್ಕುವ ಸದ್ದಿನ ನಡುವೆ ನಾನು ಓದಿದ್ದೆಲ್ಲ ಚದುರಂಗದ ಎಂಜಿನ್ನಿನ ವಿಷಯವೇ. ಜೊತೆಯವರು ನನಗೆ ಹುಚ್ಚು ಹಿಡಿದಿದೆ ಎಂದುಕೊಂಡಿರಬೇಕು. ಕೊನೆಗೆ ಯಾರೋ ಪುಣ್ಯಾತ್ಮರು ಬರೆದದ್ದು ಸಿಕ್ಕಿತು. ಎಂಜಿನ್ನನ್ನು ಹಲಗೆಯಿಲ್ಲದೆ ನೇರ ತೆರೆಯಬೇಕು, ಯು, ಸಿ, ಐ ಎಂಬ ಮೂರು ಅಕ್ಷರ ಹೊಡೆಯಬೇಕು. ಆಗ ಅದು ತನ್ನ ಹೆಸರು ಹೇಳುತ್ತದೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕಾಕಾನನ್ನು ಎಬ್ಬಿಸಿ ಕರೆತಂದೆ. ಅವರು ಬೇಡವೆನ್ನುತ್ತಲೇ ಬಂದು ಕೈಕಟ್ಟಿ ಹಿಂದೆ ನಿಂತರು. ಫೈಲನ್ನು ಒತ್ತಿದೊಡನೆ ಒಂದು ಕರಿ ಪರದೆ ತೆರೆಯಿತು. ಹಲಗೆಯಿಲ್ಲ, ಕಾಯಿಯಿಲ್ಲ. ಮೂಲೆಯಲ್ಲಿ ಒಂದು ಬಿಳಿ ಗೀಟು ಮಿಟುಕುತ್ತಿತ್ತು.

"ಇದೇನು, ಹೆಸರು ಕೇಳಿದ್ರ ಹೇಳ್ತೈತೇನು?"

"ಕೇಳೂ ರೀತಿ ಕೇಳಿದ್ರ ಹೇಳ್ತೈತಂತ್ರಿ ಕಾಕಾ."

ಮೂರು ಅಕ್ಷರ ಹೊಡೆದು ಎಂಟರ್ ಒತ್ತಿದೆ. ಸರಸರನೆ ಸಾಲುಗಳು ಬಂದವು. ಮೇಲಕ್ಕೆ ಹೋಗಿ ಮೊದಲ ಸಾಲು ನೋಡಿದೆ. ಎಂಜಿನ್ನಿನ ಹೆಸರು, ಅದರ ಮುಂದೆ ಹದಿನಾರು.

ಫೋನಿನಲ್ಲಿ ನೋಡಿದರೆ ಆ ಹದಿನಾರು ಬಂದು ಬಹಳ ದಿನವೇನೂ ಆಗಿರಲಿಲ್ಲ. ಕಾಕಾನ ಕಂಪ್ಯೂಟರಿಗೆ ಆಟ ಹಾಕಿಸಿದ್ದು ಅಪ್ಪ ತೀರಿಕೊಂಡ ವರ್ಷ. "ಕಾಕಾ, ಆಗ ಈ ಹದಿನಾರು ಹುಟ್ಟೇ ಇರಲಿಲ್ರಿ. ನೀವು ಇಷ್ಟು ವರ್ಷ ಆಡಿದ್ದು ಬ್ಯಾರೆದರ ಜೋಡಿ. ಈಗ ಕುಂತಿರೋದು ಅದರ ಮೊಮ್ಮಗ!"

ಅವರ ಮುಖ ಅರಳಬಹುದೆಂದು ಕಾದೆ. ಅರಳಲಿಲ್ಲ.

"ಹಳೇದು ಯಾವ ನಂಬರಿಂದು ಇತ್ತು?"

"ಅದು ಗೊತ್ತಿಲ್ಲ. ಇದಕ್ಕಿಂತ ಹಳೇದು ಅನ್ನೂದು ಖರೆ."

"ಅದು ಅಂದಾಜು ಆತು, ಶೈಲಾ. ಅಂಚಿನ ಚಿತ್ರ ಅಂದಾಜಿಲೆ ತೆಗೀತಾರೇನು? ಒಂದು ಎಳಿ ತಪ್ಪಿದ್ರ ಇಡೀ ಸೀರಿ ತಪ್ಪತೈತಿ. ನನ್ನ ಸಮಾಧಾನಕ್ಕ ಹೇಳಬ್ಯಾಡ."

ಅವರು ಹೇಳಿದ್ದು ಸರಿಯೇ ಇತ್ತು. ಮುಂದಿನ ವಾರ ಶಾಲೆಯಿಂದ ಬರುವಾಗ ಮಹಬೂಬನ ಅಂಗಡಿಗೆ ಹೋದೆ. ಬಾಗಿಲಿಗೆ ತಾಡಪತ್ರಿ ಕಟ್ಟಿ, ಒಳಗೆ ದೀಪ ಹಚ್ಚಿಕೊಂಡು ಒಂದು ಪ್ರಿಂಟರು ಬಿಚ್ಚಿ ಕೂತಿದ್ದ. ನಮ್ಮ ಹಳೆಯ ಡಿಸ್ಕು ಏನಾಯಿತು ಎಂದು ಕೇಳಿದೆ.

"ಇರಬೇಕ್ರಿ ಅಕ್ಕಾರ. ಒಗಿಯಂಗಿಲ್ಲ ನಾನು." ಡಬ್ಬಿಯೊಂದನ್ನು ಕೆದಕಿ ಮಂಜುನಾಥನ ಹೆಸರು ಬರೆದ ಡಿಸ್ಕು ತೆಗೆದ. "ಇದರಿಂದ ಕಂಪ್ಯೂಟರ್ ಚಾಲೂ ಆಗೂದಿಲ್ರಿ. ಓದಾಕ ಬಂದ್ರ ಬರಬಹುದು. ಏನ್ ಬೇಕಿತ್ತು, ಫೋಟೋ ಏನು?"

"ಬುದ್ಧಿಬಳ."

ಅವನು ನನ್ನನ್ನು ಒಮ್ಮೆ ನೋಡಿದ. "ಅದನ್ನ ಹಾಕಿ ಕೊಟ್ಟೀನಲ್ರಿ? ಹೊಸಾದು, ಚಲೋದು."

"ಅದ ಆಗೇತಿ ನೋಡಪಾ ತ್ರಾಸು" ಎಂದು ಕಾಕಾನ ಸಂಗತಿಯೆಲ್ಲ ಹೇಳಿದೆ. ಮಹಬೂಬ ಪ್ರಿಂಟರನ್ನು ಬದಿಗೆ ಸರಿಸಿದ. ಡಿಸ್ಕನ್ನು ತನ್ನ ಕಂಪ್ಯೂಟರಿಗೆ ತಂತಿಯಿಂದ ಜೋಡಿಸಿದ. ಅದು ಕಿರ್ರ್ ಎಂದು ಸುತ್ತಿತು, ನಿಂತಿತು, ಮತ್ತೆ ಸುತ್ತಿತು. ಹಲವು ಫೈಲುಗಳು ತೆರೆಯಲೇ ಇಲ್ಲ. ಆದರೆ ಆಟದ ಫೋಲ್ಡರು ಬಂತು, ಅದರೊಳಗೆ ಎಂಜಿನ್ ಬಂತು. ಕರಿ ಪರದೆ ತೆರೆದು ನಾನೇ ಮೂರು ಅಕ್ಷರ ಹೊಡೆದೆ. ಹೆಸರು ಅದೇ. ಮುಂದೆ ಎಂಟು ಎಂದಿತ್ತು.

"ಎಂಟಕ್ಕೂ ಹದಿನಾರಕ್ಕೂ ಭಾಳ ಫರಕ್ಕೇನ್ರಿ?" ಎಂದ ಮಹಬೂಬ.

ನನಗೂ ಅದೇ ಕುತೂಹಲವಿತ್ತು. ಎಂಟನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು, ಅದನ್ನು ಪರ್ಸಿನೊಳಗೆ ಚಿನ್ನದ ಹಾಗೆ ಇಟ್ಟುಕೊಂಡು ಬಂದೆ.

ಆ ಸಂಜೆ ಕಾಕಾನ ಕಂಪ್ಯೂಟರಿನಲ್ಲಿ ಎರಡನ್ನೂ ಎದುರುಬದುರು ಕೂರಿಸಿದೆ. ಎಂಟಕ್ಕೂ ಐದನೆಯ ಮಟ್ಟ, ಹದಿನಾರಕ್ಕೂ ಐದನೆಯ ಮಟ್ಟ. ಮನುಷ್ಯರಿಲ್ಲದೆ ಕಾಯಿಗಳು ತಾವೇ ನಡೆಯತೊಡಗಿದವು. ಚಿಗವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಎಂಟು ಮೊದಲು ಚೆನ್ನಾಗಿಯೇ ಆಡಿತು. ಆಮೇಲೆ ಅದರ ಕುದುರೆ ಒಂದು ಮೂಲೆಯಲ್ಲಿ ಸಿಕ್ಕಿಬಿತ್ತು, ವಜೀರ ಹೋಯಿತು, ಆಟ ಹೋಯಿತು. ಇನ್ನೊಂದು ಆಡಿಸಿದೆ. ಮತ್ತೂ ಎಂಟೇ ಸೋತಿತು. ಆಡಿಸಿದಷ್ಟೂ ಬಹುಪಾಲು ಅದೇ ಸೋತಿತು. ಐದು ಎಂಬ ಅಂಕಿ ಎರಡರಲ್ಲೂ ಇದ್ದರೂ ಎರಡೂ ಐದು ಒಂದೇ ಅಲ್ಲವೆಂದು ಕಣ್ಣಿಗೆ ಕಾಣುತ್ತಿತ್ತು.

ಕಾಕಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಿದ್ದರು. "ನೋಡು, ನೋಡು" ಎಂದರು. "ನನ್ನಂಗ ಸೋಲಾಕತ್ತೈತಿ, ಪಾಪ."

ಬಹಳ ದಿನಗಳ ಮೇಲೆ ಅವರು ನಕ್ಕಿದ್ದು ಆಗ. ಸಮಸ್ಯೆ ಬಗೆಹರಿಯಿತು ಎಂದುಕೊಂಡೆ. "ಈಗ ನೀವು ಎಂಟರ ಜೋಡಿ ಆಡ್ರಿ ಕಾಕಾ" ಎಂದು ಹಲಗೆ ಜೋಡಿಸಿ ಎದ್ದೆ. ಅವರು ಆಡಲಿಲ್ಲ. ನಾಳೆ ಎಂದರು. ನಾಳೆಯೂ ಆಡಲಿಲ್ಲ. ಹೊರಗೆ ಮಳೆ ಬಿಡುವು ಕೊಟ್ಟಿತು. ಹೊಲಗಳಲ್ಲಿ ಹೆಸರುಕಾಯಿ ಬಿಡಿಸುವ ಕೆಲಸ ಶುರುವಾಯಿತು, ನನ್ನ ಬಸ್ಸಿನ ತುಂಬ ಕೂಲಿಗೆ ಹೋಗುವ ಹೆಂಗಸರು. ಕಾಕಾ ಮಾತ್ರ ಕಂಪ್ಯೂಟರಿನ ಮೂಲೆಯನ್ನು ಸುತ್ತು ಹಾಕಿಕೊಂಡು ಓಡಾಡುತ್ತಿದ್ದರು.

ಒಂದು ಸಂಜೆ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದಾಗ ಕೇಳಿಯೇಬಿಟ್ಟೆ. "ಯಾಕ್ರಿ ಕಾಕಾ, ಹಳೇದು ಬಂದೈತಿ, ಆಡವಲ್ರಿ?"

ಅವರು ಓಣಿಯ ಕಡೆಗೇ ನೋಡುತ್ತ ಹೇಳಿದರು. "ಹೊಸಾದಕ್ಕ ಸೋತ್ರ ಹೊಸಾದು ಅಂತ ಹೇಳಬಹುದು. ಇದಕ್ಕ ಸೋತ್ರ ಏನಂತ ಹೇಳಲಿ? ಆಮ್ಯಾಲೆ ಹುಡುಕಾಕ ನಿನಗ ಏನೂ ಉಳಿಯಂಗಿಲ್ಲ."

ಅವರ ಪಕ್ಕದಲ್ಲಿ ಕೂತೆ, ಅಷ್ಟೆ.

ಶ್ರಾವಣದ ಒಂದು ರಜಾ ದಿನ. ಬೆಳಿಗ್ಗೆ ನಾನು ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದೆ. ಒಳಗಿನಿಂದ ಟಕ್ ಎಂಬ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಇಣುಕಿದರೆ ಕಾಕಾ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಪರೀಕ್ಷೆಗೆ ಕೂತವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಚಿಗವ್ವ ನನ್ನ ತೋಳು ಹಿಡಿದು ಹೊರಗೇ ನಿಲ್ಲಿಸಿದಳು. ಉಪ್ಪಿಟ್ಟು ಆರಿತು. ಚಹಾ ಎರಡು ಸಲ ಕಾಯಿತು. ಆಟ ನಡೆದೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಸದ್ದು ನಿಂತಿತು. ನಾವಿಬ್ಬರೂ ಒಳಗೆ ಹೋದೆವು. ಕಾಕಾ ಸೋತಿದ್ದರು.

ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆಯುವುದರೊಳಗೆ ಅವರು ಎದ್ದು ಗೂಡಿನಿಂದ ಹಳೆಯ ಹಾಸನ್ನೂ ಕಾಯಿಗಳ ಚೀಲವನ್ನೂ ತೆಗೆದುಕೊಂಡು ನೆಲದ ಮೇಲೆ ಕೂತರು. ಕಾಯಿಗಳನ್ನು ಜೋಡಿಸಿದರು.

"ನಾ ಇಲ್ಲಿ ಪ್ಯಾದಿ ಎರಡು ಮನಿ ನೂಕಿದ್ನಿ. ಅದು ಹಿಂಗ ಬಂತು. ನಾ ಕುದುರಿ ತಗದ್ನಿ." ಕೈ ನಡೆಯುತ್ತಿತ್ತು, ಬಾಯಿ ನಡೆಯುತ್ತಿತ್ತು. "ಅದು ಒಂಟಿ ತಂದು ಇಲ್ಲಿಡ್ತು, ನಾ ಹೆದರಲಿಲ್ಲ. ಇಲ್ಲಿ ಎರಡೂ ಕಡೆ ಆನಿ ಹೋದುವು... ಇಲ್ಲ, ತಡಿ, ಮೊದಲು ಅದರದು ಹೋತು." ಹಾಗೆಯೇ ಒಂದೊಂದೇ ನಡೆ, ಬಿಡದೆ, ಒಂದು ಸಲವೂ ಕಂಪ್ಯೂಟರಿನ ಕಡೆ ತಿರುಗದೆ ಮುಂದುವರಿದರು. ಬಹಳ ದೂರ ಬಂದ ಮೇಲೆ ಬೆರಳು ಒಂದು ಮನೆಯ ಮೇಲೆ ನಿಂತಿತು. "ಇಲ್ಲಿ ನೋಡು, ಇಲ್ಲಿ ತಪ್ಪೇನಿ. ಈ ಆನಿ ಇಲ್ಲಿಗೆ ತರಬಾರದಿತ್ತು. ರಾಜನ್ನ ಒಂದು ಮನಿ ಸರಿಸಿದ್ರ ಇದು ಸಮ ಆಗಿರ್ತಿತ್ತು. ಸಮ ಯಾಕ, ಗೆದ್ದಿರ್ತಿದ್ನೇನೋ!"

ಚಿಗವ್ವ ಅವರ ಎದುರಿಗೆ ಕೂತಿದ್ದಳು. ಅವಳಿಗೆ ಆ ಆಟದ ಗಂಧವೂ ಗೊತ್ತಿಲ್ಲ.

"ಅಲ್ರೀ" ಎಂದಳು, "ಮುಂಜಾನಿಂದ ಮಧ್ಯಾಹ್ನದ ತನಕ ಆಡಿದ್ದನ್ನ ಒಂದೂ ಬಿಡದಂಗ ಹೇಳಿದ್ರೆಲ್ಲಾ? ನೆನಪು ಹೋಗೇತಿ ಅಂತೀರಿ?"

ಕಾಕಾನ ಬೆರಳು ಆನೆಯ ಮೇಲೆ ಹಾಗೆಯೇ ಉಳಿಯಿತು. ಹಾಸನ್ನು ನೋಡಿದರು, ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು. "ಹಸಿವಿ ಆಗೇತಿ, ತಾಟು ಹಾಕು" ಎಂದರು. ಚಿಗವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಎದ್ದಳು.

ಆ ವಾರವೇ ಅವರು ತಾವಾಗಿ ವೈದ್ಯರ ಹತ್ತಿರ ಹೊರಟರು. ರಕ್ತ ಪರೀಕ್ಷೆಯಾಯಿತು, ಪ್ರಶ್ನೆಗಳಾದವು. ಯಾವುದೋ ಜೀವಸತ್ವ ಬಹಳ ಕಡಿಮೆಯಾಗಿದೆ, ನಿದ್ದೆಯೂ ಸಾಲದು, ಅದಕ್ಕೆ ಹೀಗೆ ತಡವರಿಕೆ, ಅಣ್ಣನಿಗೆ ಬಂದಂಥದ್ದರ ಗುರುತು ಸದ್ಯಕ್ಕೆ ಕಾಣುವುದಿಲ್ಲ ಎಂದರು ವೈದ್ಯರು. "ಸದ್ಯಕ್ಕೆ" ಎಂಬ ಮಾತು ನನಗೆ ಚುಚ್ಚಿತು. ಕಾಕಾನಿಗೆ ಅಷ್ಟೇನೂ ಅನ್ನಿಸಲಿಲ್ಲ. "ಯಾರಿಗರ ಅದಕ್ಕಿಂತ ಹೆಚ್ಚು ಹೇಳತಾರೇನು?" ಎಂದು ಸೂಜಿ ಹಾಕಿಸಿಕೊಂಡು ಬಂದರು. ಸಂಘಕ್ಕೆ ಮತ್ತೆ ಹೇಳಿ ಕಳಿಸಿದರು. ದಸರಾಕ್ಕೆ ಮೊದಲು ಆ ಅಂಚು ಮಗ್ಗಕ್ಕೇರಿತು.

ಎಂಟರ ಜೊತೆಗಿನ ಆಟ ಮೊದಲಿನ ಹಾಗೆ ನಡೆಯಿತು. ಗೆಲ್ಲುವರು, ಸೋಲುವರು, ಬಹಳ ಸಲ ಸಮ. ನಾನು ಬೇಡವೆಂದು ಹದಿನಾರನ್ನು ತೆಗೆದುಹಾಕಲು ಹೋದರೆ ಕೈ ಹಿಡಿದರು. "ಇರಲಿ ಬಿಡು. ಅದು ಏನ್ ನೋಡ್ತೈತಿ, ನನಗ್ಯಾಕ ಕಾಣವಲ್ದು ಅಂತ ತಿಳೀಬೇಕಾಗೇತಿ." ಆಮೇಲೆ ದಿನಕ್ಕೆರಡು ಆಟ. ನನ್ನ ವರ್ಷ ಮುಗಿದು ಬೇರೆ ಊರಿಗೆ ಹೊರಡುವವರೆಗೂ ಸಂಜೆ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾದರೆ ಸಾಕು, ಒಳಗಿನಿಂದ ಹುರುಪಿನ ಕೂಗೊಂದು ಬರುತ್ತಿತ್ತು.

"ಶೈಲವ್ವಾ, ಜಲ್ದಿ ಬಾ ಇಲ್ಲೆ! ಇವತ್ತ ಎಂಥಾ ಚಂದ ಸೋತೇನಿ ನೋಡ್ಬಾ!"